ಮೊದಲು ಹೆದರಿಸೋದು ಬಿಡಿ: ಲೈಂಗಿಕ ಶಿಕ್ಷಣದ ಕೆಲಸದಲ್ಲಿ ನಾನು ಕಲಿತಿದ್ದು

ಶಾಲೆಗಳಿಗೆ ಹೋಗಿ ಹದಿಹರೆಯದ ಮಕ್ಕಳಿಗೆ ಲೈಂಗಿಕ ಶಿಕ್ಷಣದ ತರಗತಿ ತೆಗೆದುಕೊಳ್ಳುವುದು, ಆಮೇಲೆ ಯಾರಾದರೂ ಒಬ್ಬರೇ ಬಂದರೆ ಕೂತು ಕೇಳಿಸಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಈ ಕೆಲಸಕ್ಕೆ ಸೇರಿದವರೆಲ್ಲ ಮೊದಲು ಕೇಳುವುದು ಒಂದೇ, 'ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು?' ನಾನು ಅವರಿಗೆ ಬೇರೆ ಪ್ರಶ್ನೆ ಹಾಕುತ್ತೇನೆ. ನಿಮ್ಮ ತರಗತಿ ಕೇಳಿದ ಹುಡುಗಿಯೋ ಹುಡುಗನೋ ನಾಳೆ ತೊಂದರೆಗೆ ಸಿಕ್ಕರೆ ನಿಮ್ಮ ಹತ್ತಿರ ಬರುತ್ತಾರಾ?

ಈ ವಿಷಯದಲ್ಲಿ ತಡ ಮಾಡಿದರೆ ಕೆಲವು ದಾರಿಗಳು ಮುಚ್ಚಿಹೋಗುತ್ತವೆ, ಅದಕ್ಕೇ ಕೇಳುತ್ತೇನೆ. ಎಚ್‌ಐವಿ ತಗುಲಿರಬಹುದು ಅನ್ನಿಸಿದರೆ ಅದನ್ನು ತಡೆಯುವ ಮಾತ್ರೆಗಳನ್ನು 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ತೆಗೆದುಕೊಳ್ಳಬೇಕು. ತುರ್ತು ಗರ್ಭನಿರೋಧಕ ಮಾತ್ರೆಯೂ ಅಷ್ಟೇ, ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ, 5 ದಿನ ದಾಟಿದ ಮೇಲೆ ಪ್ರಯೋಜನವಿಲ್ಲ. ಬೈಸಿಕೊಳ್ಳಬೇಕಲ್ಲ ಅಂತ ಹೆದರಿ ಒಂದು ವಾರ ಬಾಯಿ ಮುಚ್ಚಿಕೊಂಡಿದ್ದ ಮಗುವಿಗೆ ಇವೆರಡೂ ಸಿಗುವುದಿಲ್ಲ.

ಹೆದರಿಸಿ ಕಲಿಸುವ ಪದ್ಧತಿ ಇನ್ನೂ ತುಂಬ ಕಡೆ ಇದೆ. ಸೋಂಕಿನಿಂದ ಕೆಟ್ಟ ಅಂಗಗಳ ಚಿತ್ರಗಳನ್ನು ಪರದೆ ಮೇಲೆ ದೊಡ್ಡದಾಗಿ ತೋರಿಸುವುದು, 'ತಪ್ಪು ಮಾಡಿದರೆ ಹೀಗಾಗುತ್ತೆ' ಅನ್ನುವುದು, ಅಲ್ಲಿಗೆ ಪಾಠ ಮುಗಿಯಿತು. ಅಂಥ ಒಂದು ಪಾಠ ಕೇಳಿದ್ದ ಹುಡುಗಿ ತಿಂಗಳುಗಟ್ಟಲೆ ಒದ್ದಾಡಿ ನನ್ನ ಹತ್ತಿರ ಬಂದಳು. ಅವಳಿಗೆ ಬಿಳಿ ಸ್ರಾವ ಆಗುತ್ತಿತ್ತು. ಚಿತ್ರದಲ್ಲಿದ್ದ ಕಾಯಿಲೆಯೇ ತನಗೂ ಬಂದಿದೆ ಅಂದುಕೊಂಡಿದ್ದಳು. ಯಾರ ಜೊತೆಗೂ ಏನೂ ನಡೆದಿರಲಿಲ್ಲ, ಆದರೂ ಅಮ್ಮನಿಗೆ ಹೇಳಿದರೆ ನಂಬುವುದಿಲ್ಲ ಅನ್ನೋ ಭಯ. ಬೆಳೆಯುವ ವಯಸ್ಸಿನಲ್ಲಿ ತುರಿಕೆ, ಕೆಟ್ಟ ವಾಸನೆ ಇಲ್ಲದ ತೆಳು ಬಿಳಿ ಸ್ರಾವ ಸಹಜ. ತುರಿಕೆ, ಉರಿ, ವಾಸನೆ, ಬಣ್ಣದಲ್ಲಿ ವ್ಯತ್ಯಾಸ ಇದ್ದರೆ ಡಾಕ್ಟರ್ ಹತ್ತಿರ ಹೋಗಬೇಕು, ಬಹುಪಾಲು ಚಿಕಿತ್ಸೆಯಿಂದ ವಾಸಿಯಾಗುತ್ತದೆ. ಎರಡು ನಿಮಿಷದ ಮಾತು ಇದು. ಇಷ್ಟನ್ನು ಯಾರೂ ಅವಳಿಗೆ ಹೇಳಿರಲಿಲ್ಲ ಅಂತ ನನಗೆ ಈಗಲೂ ಸಿಟ್ಟು ಬರುತ್ತದೆ.

ಮಕ್ಕಳ ಪ್ರಶ್ನೆ ಹೊರಗೆ ಬರಬೇಕಾದರೆ ಚೀಟಿ ಡಬ್ಬದಷ್ಟು ಒಳ್ಳೆಯ ದಾರಿ ನಾನು ಕಂಡಿಲ್ಲ. ಆದರೆ ಸುಮ್ನೆ ಡಬ್ಬ ಇಟ್ಟರೆ ಸಾಲದು. ಬರೆಯುವವರು ಯಾರು ಅಂತ ಪಕ್ಕದವರು ನೋಡುತ್ತಿರುತ್ತಾರೆ, ಹಾಗಾಗಿ ಯಾರೂ ಬರೆಯುವುದಿಲ್ಲ. ನಾನು ಎಲ್ಲರಿಗೂ ಒಂದೇ ಅಳತೆಯ ಕಾಗದ ಕೊಡುತ್ತೇನೆ, ಎಲ್ಲರೂ ಬರೆಯಲೇಬೇಕು. ಪ್ರಶ್ನೆ ಇಲ್ಲದವರು 'ನನಗೆ ಸದ್ಯಕ್ಕೆ ಯಾವ ಪ್ರಶ್ನೆಯೂ ಇಲ್ಲ' ಅಂತ ಪೂರ್ತಿ ವಾಕ್ಯ ಬರೆಯಬೇಕು, ಆಗ ಎಲ್ಲರ ಕೈಯೂ ಸುಮಾರು ಒಂದೇ ಹೊತ್ತು ಓಡುತ್ತದೆ. ಚೀಟಿಗಳನ್ನು ನಾನೇ ಓದುತ್ತೇನೆ, ಬೇರೆ ಯಾರ ಕೈಗೂ ಕೊಡುವುದಿಲ್ಲ, ಕೈಬರಹ ಗುರುತು ಸಿಗುತ್ತದಲ್ಲ.

ದೊಡ್ಡವರು ಹೆದರುವ ಪ್ರಶ್ನೆಗಳು ಆ ಚೀಟಿಗಳಲ್ಲಿ ಕಡಿಮೆ. ನಾನು ಸರಿಯಾಗಿದ್ದೀನಾ ಅನ್ನುವುದೇ ಜಾಸ್ತಿ. ಒಂದು ಸ್ತನ ಇನ್ನೊಂದಕ್ಕಿಂತ ದೊಡ್ಡದಿದೆ, ಪರವಾಗಿಲ್ವಾ? ನಿದ್ದೆಯಲ್ಲಿ ವೀರ್ಯ ಹೋದರೆ ಶಕ್ತಿ ಕಮ್ಮಿಯಾಗುತ್ತಾ? (ಇಲ್ಲ.) ಮುಟ್ಟು ಪ್ರತಿ ತಿಂಗಳೂ ಅದೇ ದಿನ ಬರಲ್ಲ, ಏನಾದರೂ ತೊಂದರೆಯಾ? ಮೊದಲ ಕೆಲವು ವರ್ಷ 21ರಿಂದ 45 ದಿನಗಳ ಅಂತರ ಇರಬಹುದು, ಗಾಬರಿ ಬೇಡ. ಇವುಗಳ ನಡುವೆ ಎಲ್ಲೋ ಒಂದು ಚೀಟಿ ಬರುತ್ತದೆ: 'ಫೋಟೋ ಕಳಿಸು ಅಂತಾನೆ, ಇಲ್ಲ ಅಂದ್ರೆ ಬಿಟ್ಟು ಹೋಗ್ತೀನಿ ಅಂತಾನೆ.' ಅದು ಸಿಕ್ಕ ದಿನ ಉಳಿದ ಪಾಠ ಪಕ್ಕಕ್ಕಿಟ್ಟು ಒಪ್ಪಿಗೆಯ ಬಗ್ಗೆ ಮಾತಾಡುತ್ತೇನೆ. ಹೆದರಿಕೆಯಿಂದ ಹೂಂ ಅಂದರೆ ಅದು ಒಪ್ಪಿಗೆ ಅಲ್ಲ. ನಿನ್ನೆ ಹೂಂ ಅಂದವರು ಇವತ್ತು ಬೇಡ ಅನ್ನಬಹುದು. ಹುಡುಗರಿಗೂ ಇದನ್ನೇ, ಹುಡುಗಿಯರ ಎದುರೇ ಹೇಳುತ್ತೇನೆ.

ಇಷ್ಟೆಲ್ಲ ಹೇಳಿದರೆ ಮಕ್ಕಳು ಕೆಟ್ಟುಹೋಗಲ್ವಾ ಅಂತ ಹೆತ್ತವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಉತ್ತರವೂ ಇದೆ. ಯುನೆಸ್ಕೊ ಮತ್ತು ವಿಶ್ವಸಂಸ್ಥೆಯ ಬೇರೆ ಸಂಸ್ಥೆಗಳು ಸೇರಿ 2009ರಲ್ಲಿ ಲೈಂಗಿಕ ಶಿಕ್ಷಣಕ್ಕೆ ಮಾರ್ಗಸೂಚಿ ತಂದವು, 2018ರಲ್ಲಿ ಪರಿಷ್ಕರಿಸಿದವು. ಅವರು ಒಟ್ಟುಮಾಡಿ ನೋಡಿದ ಅಧ್ಯಯನಗಳ ಪ್ರಕಾರ, ಪೂರ್ತಿ ಮಾಹಿತಿ ಕೊಡುವ ಶಿಕ್ಷಣದಿಂದ ಮಕ್ಕಳ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ. 'ಮದುವೆವರೆಗೂ ಬೇಡ' ಅಂತಷ್ಟೇ ಹೇಳುವ ಕಾರ್ಯಕ್ರಮಗಳು ಮೊದಲ ಸಂಬಂಧವನ್ನು ಮುಂದಕ್ಕೆ ಹಾಕಿದ್ದೂ ಕಂಡುಬಂದಿಲ್ಲ. ಕಾಯಬಹುದು ಅಂತ ನಾನೂ ಹೇಳುತ್ತೇನೆ, ಕಾಯುವುದು ಒಳ್ಳೆಯ ಆಯ್ಕೆ. ಅದರ ಜೊತೆಗೆ ಕಾಂಡೋಮ್ ಬಗ್ಗೆಯೂ ಹೇಳುತ್ತೇನೆ. ಪ್ರತಿ ಸಲವೂ ಸರಿಯಾಗಿ ಬಳಸಿದರೆ ಅದು ಗರ್ಭ ತಡೆಯುವುದರಲ್ಲಿ ಶೇ. 98ರಷ್ಟು ಪರಿಣಾಮಕಾರಿ, ಜನ ನಿಜವಾಗಿ ಬಳಸುವ ರೀತಿಯಲ್ಲಿ ಇದು ಶೇ. 87ರ ಆಸುಪಾಸಿಗೆ ಇಳಿಯುತ್ತದೆ. ಅವಧಿ ಮುಗಿದಿದೆಯಾ ನೋಡದೆ ಇರುವುದು, ಅರ್ಧದಲ್ಲಿ ಹಾಕಿಕೊಳ್ಳುವುದು, ಇಂಥವೇ ಕಾರಣ. ಇದನ್ನು ಯಾರಾದರೂ ಕಲಿಸಬೇಕು ತಾನೇ?

ಇನ್ನು ಹಕ್ಕಿನ ಮಾತು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಆರೋಗ್ಯ, ಮಾಹಿತಿ, ತನಗೆ ಸಂಬಂಧಿಸಿದ ವಿಷಯದಲ್ಲಿ ತನ್ನ ಮಾತು ಹೇಳುವುದು ಎಲ್ಲವೂ ಮಗುವಿನ ಹಕ್ಕುಗಳೇ. ದೊಡ್ಡವರ ದಯೆಯಿಂದ ಬಂದದ್ದಲ್ಲ. ಇದನ್ನು ಮಕ್ಕಳಿಗೂ ತಿಳಿಸುತ್ತೇನೆ, ಹೆತ್ತವರನ್ನು ತರಗತಿಗೆ ಮೊದಲೇ ಕರೆದು ನಾನು ಬಳಸುವ ಚಿತ್ರಗಳನ್ನೆಲ್ಲ ತೋರಿಸುತ್ತೇನೆ. ನೋಡಿದ ಮೇಲೆ ಬೇಡ ಅನ್ನುವವರು ಕಡಿಮೆ.

ಒಂದು ವಿಷಯದಲ್ಲಿ ಮಾತ್ರ ಹೊಸಬರು ತುಂಬ ಜಾಗ್ರತೆಯಾಗಿರಬೇಕು. 'ನೀನು ಏನೇ ಹೇಳಿದರೂ ಗುಟ್ಟಾಗಿ ಇಡುತ್ತೇನೆ' ಅಂತ ಯಾವತ್ತೂ ಮಾತು ಕೊಡಬೇಡಿ. ಯಾರೋ ಆ ಮಗುವಿಗೆ ಕಿರುಕುಳ ಕೊಡುತ್ತಿದ್ದಾರೆ, ಜೀವಕ್ಕೆ ಅಪಾಯ ಇದೆ ಅಂತ ಗೊತ್ತಾದರೆ ನೀವು ಸುಮ್ಮನಿರುವ ಹಾಗಿಲ್ಲ. ಅದನ್ನು ಮೊದಲೇ ಹೇಳಿಬಿಡಿ: ಇಂಥದ್ದಾದರೆ ಇನ್ನೊಬ್ಬರಿಗೆ ತಿಳಿಸಬೇಕಾಗುತ್ತದೆ, ಯಾರಿಗೆ, ಹೇಗೆ ಅನ್ನುವುದನ್ನು ನಿನ್ನ ಜೊತೆ ಮಾತಾಡಿಯೇ ಮಾಡುತ್ತೇನೆ, ಉಳಿದದ್ದು ನಮ್ಮಿಬ್ಬರ ನಡುವೆ. ಇಷ್ಟು ಕೇಳಿಯೂ ಮಕ್ಕಳು ಮಾತಾಡುತ್ತಾರೆ.

ಹಾಗೆಯೇ ಒಂದೇ ಸಲ ಹೋಗಿ ಬರಬೇಡಿ. ಮೊದಲ ಭೇಟಿಯಲ್ಲಿ ಮಕ್ಕಳು ನಿಮ್ಮನ್ನು ಅಳೆಯುತ್ತಾರೆ, ನಗುತ್ತೀರಾ, ಬೈಯುತ್ತೀರಾ ಅಂತ. ಕಷ್ಟದ ಪ್ರಶ್ನೆಗಳು ಎರಡನೇ ಸಲವೇ ಬರುವುದು. ಶಾಲೆಯವರು ಒಂದೇ ಪೀರಿಯಡ್ ಕೊಡುತ್ತೇವೆ ಅಂದರೆ, ಅದನ್ನೇ ಎರಡು ಭಾಗ ಮಾಡಿ ನಡುವೆ ಒಂದು ವಾರ ಬಿಡಿ ಅಂತ ನಾನು ಕೇಳಿಕೊಳ್ಳುತ್ತೇನೆ.