ಕತ್ತಲ ಪಾಸ್‌ನ ಮೂರು ಫ್ರೇಮ್

ಪುಟ್ಟ ಉಪಗ್ರಹ ಕಟ್ಟಿ ಹಾರಿಸಿದವರಿಗೇ ಅದರ ದನಿ ದಿನದಲ್ಲಿ ಒಂದೆರಡು ಗಂಟೆಗಿಂತ ಜಾಸ್ತಿ ಕೇಳಿಸುವುದಿಲ್ಲ. 500 ಕಿಲೋಮೀಟರ್ ಎತ್ತರದಲ್ಲಿ ಸುಮಾರು 95 ನಿಮಿಷಕ್ಕೊಮ್ಮೆ ಭೂಮಿ ಸುತ್ತುವ ಉಪಗ್ರಹ ಒಂದು ಜಾಗದ ಆಕಾಶದಲ್ಲಿ ಇರುವುದು ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು ಹನ್ನೆರಡು ನಿಮಿಷ. ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಇದನ್ನು ಪಾಸ್ ಅನ್ನುತ್ತಾರೆ. ಉಳಿದ ಹೊತ್ತೆಲ್ಲ ಅದು ಬೇರೆ ಯಾರದೋ ತಲೆ ಮೇಲೆ ಮಾತಾಡುತ್ತಾ ಹೋಗುತ್ತಿರುತ್ತದೆ. ಆ ಬೇರೆಯವರು ಕಿವಿಗೊಟ್ಟು, ಸಿಕ್ಕಿದ್ದನ್ನು ಕಳಿಸಿಕೊಟ್ಟರೆ ಮಾತ್ರ ಪೂರ್ತಿ ಕಥೆ ಗೊತ್ತಾಗುವುದು.

ಆ ಸಲ ಸಹಾಯ ಕೇಳಿದ್ದು ಒಂದು ವಿದ್ಯಾರ್ಥಿ ತಂಡ. ಅವರ ಕ್ಯೂಬ್‌ಸ್ಯಾಟ್ ಕಕ್ಷೆ ಸೇರಿ ಕೆಲವೇ ದಿನ ಆಗಿತ್ತು. ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಪೆಟ್ಟಿಗೆ. ಅರ್ಧ ನಿಮಿಷಕ್ಕೊಮ್ಮೆ 437 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಒಂದು ಬೀಕನ್, ಅಂದರೆ ತನ್ನ ಸ್ಥಿತಿ ಹೇಳುವ ಚಿಕ್ಕ ರೇಡಿಯೋ ಸಂದೇಶ, ಬಿಡುತ್ತಿತ್ತು. ತಂಡದ ನೆಲೆ ಉತ್ತರಕ್ಕೆ ತುಂಬಾ ದೂರ, ಬೇಸಿಗೆಯಲ್ಲಿ ಸರಿಯಾಗಿ ಕತ್ತಲೇ ಆಗದ ಕಡೆ. ಅಲ್ಲಿಂದ ಅವರಿಗೆ ಒಂದು ವಿಚಿತ್ರ ಕಾಣಿಸಿತ್ತು. ಉಪಗ್ರಹದೊಳಗೆ ಒಂದು ಲೆಕ್ಕ ಓಡುತ್ತಿರುತ್ತದೆ, ಕಂಪ್ಯೂಟರ್ ಶುರುವಾಗಿ ಎಷ್ಟು ಸೆಕೆಂಡ್ ಆಯಿತು ಅಂತ. ದಿನಗಟ್ಟಲೆ ಬೆಳೆಯುತ್ತಾ ಹೋಗಬೇಕಾದ ಆ ಸಂಖ್ಯೆ ಪ್ರತಿ ರಾತ್ರಿಯ ಪಾಸ್‌ನಲ್ಲೂ ಬರೀ ಹದಿನೈದು ಇಪ್ಪತ್ತು ನಿಮಿಷ ತೋರಿಸುತ್ತಿತ್ತು. ಅಂದರೆ ಉಪಗ್ರಹ ಪ್ರತಿ ಸುತ್ತಿನಲ್ಲೂ ರೀಸೆಟ್ ಆಗುತ್ತಿದೆ, ಅದೂ ಅವರ ಕಣ್ಣಿಗೆ ಬೀಳುವುದಕ್ಕೆ ಮುಂಚೆಯೇ.

ಒಂದು ಫ್ರೇಮ್, ಅಂದರೆ ಒಂದು ಬೀಕನ್‌ನಲ್ಲಿ ಬರುವ ಮಾಹಿತಿಯ ಕಂತು, ಸಿಕ್ಕ ಸಮಯದಿಂದ ಆ ಸೆಕೆಂಡ್‌ಗಳನ್ನು ಕಳೆದರೆ ರೀಸೆಟ್ ಆದ ಕ್ಷಣ ಸಿಗುತ್ತದೆ. ಆ ಕ್ಷಣಕ್ಕೆ ಉಪಗ್ರಹ ಎಲ್ಲಿತ್ತು ಅಂತ ಕಕ್ಷೆಯ ಲೆಕ್ಕ ಹೇಳುತ್ತದೆ. ಉತ್ತರ ಯಾವಾಗಲೂ ಒಂದೇ ಪಟ್ಟಿಯಲ್ಲಿ ಬರುತ್ತಿತ್ತು: ಭೂಮಧ್ಯರೇಖೆಯ ಆಸುಪಾಸು, ರಾತ್ರಿಯ ಕಡೆ, ಭೂಮಿಯ ನೆರಳಿನ ನಡುವೆ. ನಾನು ಆಂಟೆನಾ ಹಿಡಿಯುವುದು ಆ ಪಟ್ಟಿಯ ಕೆಳಗೇ. ಅವರ ಕೋರಿಕೆ ಚಿಕ್ಕದಾಗಿತ್ತು. ರಾತ್ರಿ ಹತ್ತೂವರೆ ಹೊತ್ತಿನ ಪಾಸ್ ಕೇಳಿ, ಒಂದು ಫ್ರೇಮ್ ಸಿಕ್ಕರೂ ಕಳಿಸಿ.

ಇಂಥ ಕೋರಿಕೆ ಹೊಸದೇನಲ್ಲ. 1961ರ ಡಿಸೆಂಬರ್ 12ರಂದು ಹಾರಿದ ಮೊದಲ ಹವ್ಯಾಸಿ ಉಪಗ್ರಹ ಆಸ್ಕರ್ 1 ಮೋರ್ಸ್ ಸಂಕೇತದಲ್ಲಿ ಬರೀ ‘ಹಾಯ್’ ಅನ್ನುತ್ತಿತ್ತು. ಒಳಗಿನ ತಾಪಮಾನ ಬದಲಾದ ಹಾಗೆ ಆ ‘ಹಾಯ್’ನ ವೇಗವೂ ಬದಲಾಗುತ್ತಿತ್ತು. ಅದರ ವೇಗ ಅಳೆದು ಬರೆದು ಕಳಿಸಿದರೆ ಅದೇ ಟೆಲಿಮೆಟ್ರಿ, ಅಂದರೆ ದೂರದಿಂದ ಸಿಗುವ ಅಳತೆ. 28 ದೇಶಗಳಿಂದ 570ಕ್ಕೂ ಹೆಚ್ಚು ಹವ್ಯಾಸಿಗಳು ವರದಿ ಕಳಿಸಿದ್ದರು. ಈಗ ಫನ್‌ಕ್ಯೂಬ್ ತರಹದ ಉಪಗ್ರಹಗಳಿಗೆ ಅವುಗಳದ್ದೇ ತಂತ್ರಾಂಶ ಇದೆ, ಫ್ರೇಮ್ ಸಿಕ್ಕ ಕೂಡಲೇ ತಾನೇ ಕಳಿಸಿಬಿಡುತ್ತದೆ. ಸ್ಯಾಟ್‌ನಾಗ್ಸ್ ಜಾಲದಲ್ಲಂತೂ ಜನ ಕಟ್ಟಿದ ನೆಲದ ಕೇಂದ್ರಗಳು ಯಾರೂ ಮುಟ್ಟದೆಯೇ ಇಡೀ ದಿನ ಕೇಳುತ್ತಿರುತ್ತವೆ. ಅದು ದೊಡ್ಡ ಕೆಲಸ, ನನಗೆ ಅದರ ಮೇಲೆ ತುಂಬಾ ಗೌರವ ಇದೆ. ಆದರೂ ದುರ್ಬಲ ಸಿಗ್ನಲ್ ಇದ್ದಾಗ ಕೈಯಲ್ಲಿ ಯಾಗಿ ಆಂಟೆನಾ ಹಿಡಿದು ನಿಂತವನಿಗೆ ಸಿಗುವ ಒಂದೆರಡು ಫ್ರೇಮ್ ಅಲುಗಾಡದ ಆಂಟೆನಾಕ್ಕೆ ಸಿಗದೆ ಹೋಗಬಹುದು.

ಯಾಕೆ ಅಂದರೆ ಉಪಗ್ರಹ ಉರುಳುತ್ತಿರುತ್ತದೆ. ಅದರ ಆಂಟೆನಾ ಒಮ್ಮೆ ನಿಂತ ಹಾಗೆ, ಒಮ್ಮೆ ಮಲಗಿದ ಹಾಗೆ. ಸಿಗ್ನಲ್ ಏಳುತ್ತೆ, ಮುಳುಗುತ್ತೆ. ಮುಳುಗಿದಾಗ ಯಾಗಿಯನ್ನು ಮಣಿಕಟ್ಟಿನಲ್ಲೇ ತಿರುಗಿಸಿದರೆ ಮತ್ತೆ ಮೇಲೆ ಬರುತ್ತೆ. ಜತೆಗೆ ಡಾಪ್ಲರ್ ಬೇರೆ. ಉಪಗ್ರಹ ಹತ್ತಿರ ಬರುವಾಗ ಸಿಗ್ನಲ್ ಸುಮಾರು 10 ಕಿಲೋಹರ್ಟ್ಸ್ ಮೇಲಿರುತ್ತದೆ, ದೂರ ಹೋಗುವಾಗ ಅಷ್ಟೇ ಕೆಳಗೆ. ಅದನ್ನು ತಂತ್ರಾಂಶ ನೋಡಿಕೊಳ್ಳುತ್ತದೆ, ಕಕ್ಷೆಯ ಅಂಕಿಗಳು ಹೊಸದಾಗಿದ್ದರೆ ಸಾಕು. ನಾನು ಕೂರುವ ಮೊದಲು ಮಾಡುವ ಕೆಲಸ ಎರಡೇ: ಆ ಅಂಕಿಗಳನ್ನು ಹೊಸದಾಗಿ ಇಳಿಸಿಕೊಳ್ಳುವುದು, ಕಂಪ್ಯೂಟರ್ ಗಡಿಯಾರವನ್ನು ಸೆಕೆಂಡಿಗೆ ಸರಿಯಾಗಿ ಹೊಂದಿಸುವುದು. ಸಮಯ ತಪ್ಪಿದ ಫ್ರೇಮ್‌ನಿಂದ ಇಂಥ ಪತ್ತೆದಾರಿಕೆಗೆ ಏನೂ ಪ್ರಯೋಜನ ಇಲ್ಲ.

ಮೊದಲ ಕೆಲವು ರಾತ್ರಿ ಹೆಚ್ಚೇನೂ ಸಿಗಲಿಲ್ಲ. ಪಾಸ್‌ಗಳು ದಿಗಂತಕ್ಕೆ ಅಂಟಿಕೊಂಡೇ ಹೋದವು. ಆಮೇಲೆ ಒಂದು ರಾತ್ರಿ ಹೆಚ್ಚುಕಡಿಮೆ ನೆತ್ತಿಯ ಮೇಲೇ ಬಂತು.

ದಕ್ಷಿಣದಿಂದ ಏಳುವಾಗಲೇ ಅದು ನೆರಳು ಹೊಕ್ಕು ಸಾಕಷ್ಟು ಹೊತ್ತಾಗಿತ್ತು. ಸಿಗ್ನಲ್ ಗೀರಾಗಿ ಕಾಣುವ ವಾಟರ್‌ಫಾಲ್ ಪರದೆಯಲ್ಲಿ ತೆಳ್ಳಗೆ ಒಂದು ಗೀರು ಬಂತು, ಡಿಕೋಡ್ ಆಗಲಿಲ್ಲ, ಅಂದರೆ ಅದರಿಂದ ಮಾಹಿತಿ ಬಿಡಿಸಲು ಆಗಲಿಲ್ಲ. ಈ ಬಗೆಯ ಫ್ರೇಮ್‌ನಲ್ಲಿ ತಪ್ಪು ತಿದ್ದುವ ವ್ಯವಸ್ಥೆ ಇಲ್ಲ. ಕೊನೆಯಲ್ಲಿ ತಾಳೆ ನೋಡಲು ಇಟ್ಟಿರುವ ಚೆಕ್‌ಸಮ್ ಅಂಕಿ ಹೊಂದದಿದ್ದರೆ ಇಡೀ ಫ್ರೇಮ್ ಬಿದ್ದುಹೋಗುತ್ತದೆ. ಒಂದು ಬಿಟ್ ಕೆಟ್ಟರೂ ಅಷ್ಟೆ. ಮುಂದಿನ ಬೀಕನ್ ದಪ್ಪಗೆ, ಸ್ಪಷ್ಟವಾಗಿ ಬಂತು. ಪರದೆ ಮೇಲೆ ಬೈಟ್‌ಗಳ ಸಾಲು ಬಿತ್ತು, ಎಲ್ಲವೂ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಬರೆದ ಅಂಕಿಗಳು.

ಶುರುವಿನಲ್ಲಿ ವಿಳಾಸ ಇರುತ್ತದೆ, ಯಾರು ಯಾರಿಗೆ ಕಳಿಸಿದ್ದು ಅಂತ. ಅಲ್ಲಿ ಪ್ರತಿ ಅಕ್ಷರವನ್ನೂ ಒಂದು ಬಿಟ್ ಪಕ್ಕಕ್ಕೆ ಸರಿಸಿ ಬರೆದಿರುತ್ತಾರೆ. ಹಾಗಾಗಿ 41 ಆಗಬೇಕಿದ್ದ ಇಂಗ್ಲಿಷ್‌ನ ಮೊದಲಕ್ಷರ 82 ಅಂತ ಕಾಣುತ್ತದೆ. ಇದು ಒಮ್ಮೆ ಅಭ್ಯಾಸವಾದರೆ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ಗುರುತಿಸುವ ಹೆಸರು, ಕಣ್ಣಲ್ಲೇ ಓದಬಹುದು. ಅದರ ನಂತರ ನಿಜವಾದ ವಿಷಯ. ಹವ್ಯಾಸಿ ಬ್ಯಾಂಡ್‌ನಲ್ಲಿ ಅರ್ಥ ಮುಚ್ಚಿಡುವ ಸಂಕೇತ ಬಳಸುವ ಹಾಗಿಲ್ಲ. ಯಾವ ಬೈಟ್ ಏನು ಹೇಳುತ್ತದೆ ಅಂತ ತಂಡ ಮೊದಲೇ ಪ್ರಕಟಿಸಿತ್ತು. ಬ್ಯಾಟರಿ ವೋಲ್ಟೇಜ್‌ಗೆ ಒಂದು ಬೈಟ್, ಒಂದೊಂದು ಮೆಟ್ಟಿಲು 0.05 ವೋಲ್ಟ್. ಆ ಜಾಗದಲ್ಲಿ 96 ಇತ್ತು. ಹದಿನಾರರ ಲೆಕ್ಕದಲ್ಲಿ 96 ಅಂದರೆ 150, ಅಂದರೆ 7.5 ವೋಲ್ಟ್. ಬ್ಯಾಟರಿ ಬೆಚ್ಚಗಿಡುವ ಹೀಟರ್‌ನ ಬೈಟ್ 00, ಅಂದರೆ ಆರಿದೆ. ಎಲ್ಲಾ ಸರಿಯಾಗಿದೆ.

ಅರ್ಧ ನಿಮಿಷದ ನಂತರದ ಫ್ರೇಮ್‌ನಲ್ಲಿ ಹೀಟರ್ 01. ವೋಲ್ಟೇಜ್ 87. ಅಂದರೆ 6.75.

ಹೀಟರ್ ಹೊತ್ತಿಕೊಂಡ ಕೂಡಲೇ ಮುಕ್ಕಾಲು ವೋಲ್ಟ್ ಕುಸಿದಿದೆ! ಅಷ್ಟರಲ್ಲಿ ಮುಂದಿನ ಬೀಕನ್ ಸಮಯ ಬಂತು, ಏನೂ ಇಲ್ಲ. ಯಾಗಿ ತಿರುಗಿಸಿದೆ, ಗೀರು ಕೂಡ ಇಲ್ಲ. ಉಪಗ್ರಹ ಆಗ ಉತ್ತರಕ್ಕೆ ವಾಲುತ್ತಿತ್ತು. ಮತ್ತೆ ಒಂದು ಬೀಕನ್ ಬಂತು, ಡಿಕೋಡ್ ಆಯಿತು. ಸಮಯದ ನಾಲ್ಕು ಬೈಟ್: 00 00 00 25. ಕಂಪ್ಯೂಟರ್ ಶುರುವಾಗಿ ಮೂವತ್ತೇಳು ಸೆಕೆಂಡ್. ಹೀಟರ್ 00.

ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ರೀಸೆಟ್ ಆಗಿದ್ದು ನಾನು ಕೇಳುತ್ತಿದ್ದ ಹಾಗೆಯೇ, ನನ್ನ ನೆತ್ತಿಯ ಹತ್ತಿರದಲ್ಲೇ.

ಮೂರೂ ಫ್ರೇಮ್ ಕಳಿಸಿದೆ. ಜತೆಗೆ ಯುಟಿಸಿ, ಅಂದರೆ ಜಾಗತಿಕ ಸಮಯ, ನನ್ನ ಕಾಲ್‌ಸೈನ್, ನಿಂತ ಜಾಗದ ಅಕ್ಷಾಂಶ ರೇಖಾಂಶ. ಇಡೀ ಪಾಸ್‌ನ ಕಚ್ಚಾ ರೆಕಾರ್ಡಿಂಗ್ ಕೂಡ ಕಳಿಸಿದೆ, ಡಿಕೋಡ್ ಆಗದೆ ಉಳಿದ ಬೀಕನ್‌ನಲ್ಲೂ ಅವರಿಗೆ ಏನಾದರೂ ಸಿಕ್ಕೀತು ಅಂತ. ಒಂದೆರಡು ದಿನದಲ್ಲಿ ಇದೇ ಪಟ್ಟಿಯ ಇನ್ನೊಬ್ಬ ಹವ್ಯಾಸಿಯ ಫ್ರೇಮ್‌ಗಳೂ ಇದನ್ನೇ ಹೇಳಿದವು.

ತಂಡದವರು ಮರುಪತ್ರದಲ್ಲಿ ಕಾರಣ ಬಿಡಿಸಿ ಬರೆದಿದ್ದರು. ನೆರಳಿನಲ್ಲಿ ಬ್ಯಾಟರಿ ತಣ್ಣಗಾಗುತ್ತದೆ. ತಣ್ಣಗಾದ ಬ್ಯಾಟರಿಯ ಒಳರೋಧ ಜಾಸ್ತಿ. ತಣ್ಣಗಾಯಿತು ಅಂತಲೇ ಹೀಟರ್ ಹೊತ್ತಿಕೊಳ್ಳುತ್ತದೆ, ಹೊತ್ತಿಕೊಂಡ ಕೂಡಲೇ ಎಳೆಯುವ ಕರೆಂಟ್‌ಗೆ ವೋಲ್ಟೇಜ್ ಕುಸಿಯುತ್ತದೆ, ಕಂಪ್ಯೂಟರ್ ಸತ್ತು ಹುಟ್ಟುತ್ತದೆ. ಉತ್ತರದಲ್ಲಿ ಕೂತ ಅವರಿಗೆ ಇದು ಕಾಣುವ ದಾರಿಯೇ ಇರಲಿಲ್ಲ. ಬೇಸಿಗೆಯಾದ್ದರಿಂದ ಅವರ ದಿಗಂತ ಮುಟ್ಟುವ ಹೊತ್ತಿಗೆ ಉಪಗ್ರಹ ಬಿಸಿಲಿಗೆ ಬಂದಿರುತ್ತಿತ್ತು.

ಪರಿಹಾರ ನನಗೆ ತುಂಬಾ ಹಿಡಿಸಿತು. ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಕೆಡುತ್ತದೆ. ಬಳಸುವುದಕ್ಕೆ ಅಷ್ಟು ತೊಂದರೆ ಇಲ್ಲ. ಚಾರ್ಜ್ ಆಗುವುದು ಬಿಸಿಲಿನಲ್ಲಿ ಮಾತ್ರ. ಹಾಗಾದರೆ ಕತ್ತಲಲ್ಲಿ ಹೀಟರ್ ಯಾಕೆ ಬೇಕು, ಅಲ್ವಾ? ಬಿಸಿಲು ಬಿದ್ದ ಮೇಲೆ ಸೌರಫಲಕದ ಕರೆಂಟ್‌ನಲ್ಲೇ ಮೊದಲು ಬ್ಯಾಟರಿ ಬೆಚ್ಚಗೆ ಮಾಡಿ, ಆಮೇಲೆ ಚಾರ್ಜ್ ಮಾಡುವ ಹಾಗೆ ಹೊಸ ಆದೇಶ ಕಳಿಸಿದರು.

ಮತ್ತೆ ರಾತ್ರಿ ಪಾಸ್‌ಗೆ ನಿಂತೆ. ಸಮಯದ ಮೊದಲ ಎರಡು ಬೈಟ್ ಅಲ್ಲಿಯವರೆಗೆ ಯಾರಿಗೂ 00 00 ಬಿಟ್ಟು ಬೇರೇನೂ ತೋರಿಸಿರಲಿಲ್ಲ. 65,536 ಸೆಕೆಂಡ್, ಅಂದರೆ ಹದಿನೆಂಟು ಗಂಟೆಗೂ ಸ್ವಲ್ಪ ಜಾಸ್ತಿ ರೀಸೆಟ್ ಆಗದೆ ಓಡಿದರೆ ಮಾತ್ರ ಅಲ್ಲಿ ಅಂಕಿ ಬದಲಾಗುವುದು. ನನ್ನ ಪರದೆಯಲ್ಲಿ 00 01 ಬಂತು. ಹೀಟರ್ 00, ವೋಲ್ಟೇಜ್ 95. ಕಳಿಸಿದೆ. ಬೆಳಿಗ್ಗೆ ತಂಡದಿಂದ ಬಂದ ಉತ್ತರದಲ್ಲಿ ಧನ್ಯವಾದದ ಕೆಳಗೇ ಹೊಸ ಕೋರಿಕೆ ಇತ್ತು: ಹಗಲಿನ ಪಾಸ್‌ನ ತಾಪಮಾನವೂ ಬೇಕು, ಆಗುತ್ತಾ ನೋಡಿ ಅಂತ.