ಕಂಕುಳಿನ ಆಪರೇಷನ್ ಎಲ್ಲರಿಗೂ ಬೇಕಾ?

"ಸ್ತನದ ಗಡ್ಡೆ ತೆಗೆಯಲಿ, ಸರಿ. ಕಂಕುಳಿಗೂ ಕತ್ತರಿ ಹಾಕಲೇಬೇಕಾ?" ಸ್ತನ ಕ್ಯಾನ್ಸರ್ ಬಗ್ಗೆ ಬರೆಯುವ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಎಲ್ಲರಿಗೂ ಬೇಕಿಲ್ಲ ಎಂಬುದು ನನ್ನ ಉತ್ತರ.

ಕಂಕುಳಿನ ಲಿಂಫ್ ನೋಡ್ (ಸ್ತನದಿಂದ ಕ್ಯಾನ್ಸರ್ ಹರಡಿದರೆ ಸಾಮಾನ್ಯವಾಗಿ ಮೊದಲು ತಲುಪುವ ಚಿಕ್ಕ ಗ್ರಂಥಿಗಳು) ತೆಗೆದುಬಿಟ್ಟರೆ ಕ್ಯಾನ್ಸರ್ ಅಲ್ಲೇ ನಿಲ್ಲುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಿಂದೆ ಡಾಕ್ಟರುಗಳೂ ಹಾಗೇ ನಂಬಿ, ಅಲ್ಲಿದ್ದ ನೋಡ್‌ಗಳನ್ನೆಲ್ಲ ತೆಗೆಯುತ್ತಿದ್ದರು. 1990ರ ದಶಕದಲ್ಲಿ ಸೆಂಟಿನೆಲ್ ನೋಡ್ ಬಯಾಪ್ಸಿ ಬಂತು. ಸ್ತನಕ್ಕೆ ಬಣ್ಣದ ಔಷಧಿ ಚುಚ್ಚಿ, ಅದು ಮೊದಲು ತಲುಪುವ ಕೆಲವೇ ನೋಡ್ ತೆಗೆದು ಪರೀಕ್ಷಿಸುತ್ತಾರೆ. ಅಂದರೆ ಇದು ಮುಖ್ಯವಾಗಿ ತಪಾಸಣೆ. ಅದರ ರಿಪೋರ್ಟಿನಿಂದ ಮುಂದಿನ ಚಿಕಿತ್ಸೆ ಬದಲಾಗದಿದ್ದರೆ ಸುಮ್ನೆ ಯಾಕೆ ಕೊಯ್ಯಬೇಕು, ಅಲ್ವಾ?

2023ರಲ್ಲಿ ಪ್ರಕಟವಾದ 'ಸೌಂಡ್' ಅಧ್ಯಯನ ಇದನ್ನೇ ನೋಡಿತು. ಗಡ್ಡೆ 2 ಸೆಂ.ಮೀ. ಒಳಗಿದ್ದು, ಕಂಕುಳಿನ ಅಲ್ಟ್ರಾಸೌಂಡ್ ಚೆನ್ನಾಗಿದ್ದ ಸುಮಾರು 1,400 ಮಹಿಳೆಯರು. ಅರ್ಧದಷ್ಟು ಜನರಿಗೆ ಬಯಾಪ್ಸಿ, ಉಳಿದವರ ಕಂಕುಳನ್ನು ಮುಟ್ಟಲೇ ಇಲ್ಲ. ಐದು ವರ್ಷದ ನಂತರ ಕ್ಯಾನ್ಸರ್ ದೂರದ ಅಂಗಗಳಿಗೆ ಹರಡದೆ ಬದುಕಿದ್ದವರು ಬಯಾಪ್ಸಿ ಗುಂಪಿನಲ್ಲಿ ಶೇ. 97.7, ಮುಟ್ಟದ ಗುಂಪಿನಲ್ಲಿ ಶೇ. 98. ನನಗೆ ಇನ್ನೂ ಕುತೂಹಲ ಅನ್ನಿಸಿದ್ದು ಬೇರೆ. ಬಯಾಪ್ಸಿ ಆದವರಲ್ಲಿ ಶೇ. 13.7 ಮಂದಿಯ ನೋಡ್‌ಗಳಲ್ಲಿ ಕ್ಯಾನ್ಸರ್ ಸಿಕ್ಕಿತ್ತು. ಇನ್ನೊಂದು ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಜನರಿಗೆ ಇದ್ದಿರಬೇಕು, ಯಾರೂ ತೆಗೆಯಲಿಲ್ಲ. ಆದರೂ ಫಲಿತಾಂಶ ಒಂದೇ! ರೇಡಿಯೇಷನ್ ಮತ್ತು ಔಷಧಿಗಳು ಅದನ್ನು ನೋಡಿಕೊಂಡಿರಬೇಕು.

ಜರ್ಮನಿ, ಆಸ್ಟ್ರಿಯಾಗಳ 'ಇನ್ಸೆಮಾ' ಅಧ್ಯಯನವೂ ಇದನ್ನೇ ಹೇಳಿತು. ಕಂಕುಳಲ್ಲಿ ಕ್ಯಾನ್ಸರ್ ಮರಳಿದ್ದು ಆಪರೇಷನ್ ಬಿಟ್ಟವರಲ್ಲಿ ಶೇ. 1, ಮಾಡಿಸಿಕೊಂಡವರಲ್ಲಿ ಶೇ. 0.3. ಈ ವ್ಯತ್ಯಾಸ ಮುಚ್ಚಿಡಬಾರದು. ಆದರೆ ಕೈ ಬಾವು ಬಂದದ್ದು ಬಿಟ್ಟವರಲ್ಲಿ ಶೇ. 1.8, ಮಾಡಿಸಿಕೊಂಡವರಲ್ಲಿ ಶೇ. 5.7. ಈ ಬಾವು ಕೆಲವರಿಗೆ ಜೀವನಪೂರ್ತಿ ಕಾಡುತ್ತದೆ.

ಯಾರು ಬಿಡಬಹುದು? ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಆಸ್ಕೋ 2025ರಲ್ಲಿ ಹೇಳಿದ್ದು ಇಂಥವರಿಗೆ: ವಯಸ್ಸು 50 ದಾಟಿ ಮುಟ್ಟು ನಿಂತಿರಬೇಕು. ಗಡ್ಡೆ 2 ಸೆಂ.ಮೀ. ಮೀರಿರಬಾರದು, ಹಾರ್ಮೋನ್ ಪಾಸಿಟಿವ್ (ಹಾರ್ಮೋನಿನಿಂದ ಬೆಳೆಯುವ ಬಗೆ), ಹರ್-2 ನೆಗೆಟಿವ್ (ಹರ್-2 ಎಂಬ ಪ್ರೋಟೀನ್ ಹೆಚ್ಚಿಲ್ಲದ ಬಗೆ), ಗ್ರೇಡ್ 1 ಅಥವಾ 2 (ತೀರಾ ವೇಗವಾಗಿ ಬೆಳೆಯದ್ದು) ಆಗಿರಬೇಕು. ಕಂಕುಳಿನ ಅಲ್ಟ್ರಾಸೌಂಡಿನಲ್ಲಿ ಅನುಮಾನ ಇರಬಾರದು. ಚಿಕ್ಕ ವಯಸ್ಸಿನವರಿಗೆ, ಟ್ರಿಪಲ್ ನೆಗೆಟಿವ್ (ಹಾರ್ಮೋನ್, ಹರ್-2 ಪರೀಕ್ಷೆಗಳೆಲ್ಲ ನೆಗೆಟಿವ್) ಅಥವಾ ಹರ್-2 ಪಾಸಿಟಿವ್ ಇರುವವರಿಗೆ ನಾನು ಆತುರ ಬೇಡ ಅನ್ನುತ್ತೇನೆ. ಯಾವ ಔಷಧಿ ಎಂಬುದು ಅವರಲ್ಲಿ ನೋಡ್ ರಿಪೋರ್ಟಿನ ಮೇಲೂ ನಿಂತಿರುತ್ತದೆ.

ಇದೆಲ್ಲ ಗಡ್ಡೆ ಮಾತ್ರ ತೆಗೆಸಿ, ಸ್ತನ ಉಳಿಸಿಕೊಳ್ಳುವವರ ಮಾತು. ಆಮೇಲೆ ರಿಪೋರ್ಟ್ ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿ ಬಂದರೂ ಅವರಿಗೆ ಬಯಾಪ್ಸಿ ಮಾಡಬಹುದು. ಪೂರ್ತಿ ಸ್ತನ ತೆಗೆದ ಮೇಲೆ ಅದು ಕಷ್ಟ. ಹಾಗಾಗಿ ಪೂರ್ತಿ ಸ್ತನ ತೆಗೆಸುವವರು ಆಪರೇಷನ್ನಿಗೆ ಮೊದಲೇ ಸರ್ಜನ್ ಹತ್ತಿರ ಈ ಮಾತು ಎತ್ತಬೇಕು.