ಮುಖದಲ್ಲಿ ಎಣ್ಣೆ ಜಾಸ್ತಿ, ಕೂದಲಲ್ಲಿ ಎಣ್ಣೆಯೇ ಇಲ್ಲ: ಎರಡನ್ನೂ ಹೇಗೆ ಸಂಭಾಳಿಸ್ತೀರ?

ನನ್ನನ್ನು ನಾಲ್ಕು ಸಲ ನೋಡಿದವರು ಐದನೇ ಸಲ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ನಿಮ್ಮದು ಮೊಡವೆ ಬರುವ ಜಿಡ್ಡು ಚರ್ಮ. ಕೂದಲು ನೋಡಿದರೆ ಒಣಗಿ ಕೆದರಿ ನಿಲ್ಲುವ ಜಾತಿ. ಒಂದರಿಂದ ಎಣ್ಣೆ ತೆಗೀಬೇಕು, ಇನ್ನೊಂದಕ್ಕೆ ಎಣ್ಣೆ ಹಾಕಬೇಕು. ಎರಡನ್ನೂ ಒಟ್ಟಿಗೆ ಹೇಗೆ ಸಂಭಾಳಿಸ್ತೀರ?" ಕೇಳುವವರದ್ದೂ ಹೆಚ್ಚುಕಮ್ಮಿ ಅದೇ ಮುಖ, ಅದೇ ಕೂದಲು. ಅದಕ್ಕೇ ಕೇಳುತ್ತಾರೆ.

ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ಗಲಾಟೆ ನಡೆಯುವುದು ಗಡಿಯಲ್ಲಿ. ಹಣೆಯ ಮೇಲಂಚು, ಕಿವಿಯ ಪಕ್ಕ, ಕತ್ತಿನ ಹಿಂಭಾಗ, ಬೆನ್ನು. ಅಂದರೆ ಕೂದಲಿಗೆ ಹಚ್ಚಿದ್ದು ಚರ್ಮಕ್ಕೆ ತಾಗುವ ಜಾಗಗಳು. ಆ ಗಡಿ ಕಾಯುವುದು ಅರ್ಧ ಕೆಲಸ. ಉಳಿದರ್ಧ, ಸುಮ್ನೆ ಕಾಯುವುದು.

ಇದು ನನಗೆ ಹೊಳೆದದ್ದು ಒಂದು ಸೀರಮ್‌ನಿಂದ. ಕೂದಲು ನುಣುಪಾಗಲಿ ಅಂತ ದಿನಾ ಬೆಳಿಗ್ಗೆ ಎರಡು ಹನಿ ಹಚ್ಚುತ್ತಿದ್ದೆ. ಕೂದಲೇನೋ ಮಾತು ಕೇಳಿತು. ಆದರೆ ಹಣೆಯ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದವು. ಕೆಂಪಿಲ್ಲ, ನೋವಿಲ್ಲ, ಕೀವಿಲ್ಲ. ಎದುರಿನಿಂದ ನೋಡಿದರೆ ಗೊತ್ತೂ ಆಗುವುದಿಲ್ಲ. ಕಿಟಕಿಯ ಪಕ್ಕ ನಿಂತು, ಬೆಳಕು ಅಡ್ಡಕ್ಕೆ ಬಿದ್ದಾಗ ಮಾತ್ರ ಕಾಣುತ್ತವೆ. ಮುಖಕ್ಕೆ ಹಚ್ಚುವುದನ್ನೆಲ್ಲ ಒಂದೊಂದಾಗಿ ಬದಲಾಯಿಸಿದೆ, ಏನೂ ಆಗಲಿಲ್ಲ. ಒಂದು ದಿನ ಕನ್ನಡಿ ಮುಂದೆ ಕೂತು ಎಣಿಸಿದೆ. ಎಡಗಡೆ 14, ಬಲಗಡೆ 3. ನಾನು ಬೈತಲೆ ತೆಗೆಯುವುದು ಬಲಕ್ಕೆ, ಕೂದಲು ಬಂದು ಬೀಳುವುದು ಎಡಗಡೆ ಹಣೆಯ ಮೇಲೆ. ಇನ್ನೇನು ಹೇಳಬೇಕು? ಸೀರಮ್ ಬಿಟ್ಟ ಮೇಲೆ ಅವು ಹೋಗಲು ಎರಡು ತಿಂಗಳು ಹಿಡಿಯಿತು.

ನನಗೆ ಹೊಸದಾಗಿ ಕಂಡದ್ದು ವೈದ್ಯರಿಗೆ ಹಳೇ ವಿಷಯ. ಕೂದಲಿಗೆ ಹಚ್ಚುವ ಜಿಡ್ಡಿನಿಂದ ಹಣೆಯ ಅಂಚಿನಲ್ಲಿ ಏಳುವ ಮೊಡವೆಗೆ 'ಪೊಮೇಡ್ ಆಕ್ನೆ' ಎನ್ನುತ್ತಾರೆ. 1970ರಲ್ಲಿ ಅಮೆರಿಕದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಜೊತೆಗಾರರು ಇದರ ಬಗ್ಗೆ ಬರೆದಿದ್ದಾರೆ. (ಈ ಕ್ಲಿಗ್‌ಮನ್ ಮೊಡವೆಗೆ ಟ್ರೆಟಿನೋಯಿನ್ ಹಚ್ಚುವ ಚಿಕಿತ್ಸೆಯನ್ನೂ ರೂಢಿಗೆ ತಂದವರು. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ ಪ್ರಯೋಗ ಮಾಡಿದವರೂ ಅವರೇ. ಅದು ಬೇರೆಯೇ ಕಥೆ, ಚೆನ್ನಾಗಿಲ್ಲದ ಕಥೆ.)

ಹಾಗಾದರೆ ಮುಖ ಜಿಡ್ಡಾಗಿ ಕೂದಲು ಒಣಗುವುದು ಯಾಕೆ? ಎರಡಕ್ಕೂ ಎಣ್ಣೆ ಬರುವುದು ಒಂದೇ ಬಗೆಯ ಗ್ರಂಥಿಯಿಂದ. ಈ ಗ್ರಂಥಿಗಳು ಮುಖದಲ್ಲಿ ಮತ್ತು ನೆತ್ತಿಯಲ್ಲಿ ತುಂಬಾ ಒತ್ತಾಗಿರುತ್ತವೆ. ಒಂದು ಚದರ ಸೆಂಟಿಮೀಟರಿಗೆ 400ರಿಂದ 900ರವರೆಗೆ. ಆದ್ದರಿಂದ ಮುಖ ಜಿಡ್ಡಿದ್ದವರ ನೆತ್ತಿಯೂ ಸಾಮಾನ್ಯವಾಗಿ ಜಿಡ್ಡೇ. ನೇರ ಕೂದಲಾದರೆ ಆ ಎಣ್ಣೆ ಬುಡದಿಂದ ತುದಿಗೆ ಸಲೀಸಾಗಿ ಇಳಿಯುತ್ತದೆ. ಗುಂಗುರು ಕೂದಲಲ್ಲಿ ಮೊದಲ ತಿರುವಿನಲ್ಲೇ ನಿಂತುಬಿಡುತ್ತದೆ. ಬುಡ ಅಂಟಂಟು, ತುದಿ ಹುಲ್ಲು. ಇದು ಗೊತ್ತಾದರೆ ಒಂದು ತಪ್ಪು ತಾನಾಗಿಯೇ ನಿಲ್ಲುತ್ತದೆ: ಕೂದಲು ಒಣಗಿದೆ ಅಂತ ನೆತ್ತಿಗೆ ಎಣ್ಣೆ ಸುರಿಯುವುದು. ನೆತ್ತಿಗೆ ಬೇಕಿರಲಿಲ್ಲ, ತುದಿಗೆ ಸಿಗಲಿಲ್ಲ. ಮಲಗಿದಾಗ ದಿಂಬಿಗೆ ಇಳಿಯಿತು, ದಿಂಬಿನಿಂದ ಕೆನ್ನೆಗೆ ಏರಿತು.

ಕೂದಲು ಕೆದರುವುದಕ್ಕೆ ಗಾಳಿಯ ತೇವವೂ ಸೇರುತ್ತದೆ. 1783ರಲ್ಲಿ ಜಿನೀವಾದ ಹೊರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಎಂಬ ವಿಜ್ಞಾನಿ ಗಾಳಿಯ ತೇವ ಅಳೆಯಲು ಒಂದು ಉಪಕರಣ ವಿವರಿಸಿದ. ಅದರ ಮುಖ್ಯ ಭಾಗ ಏನು ಗೊತ್ತಾ? ಮನುಷ್ಯರ ಕೂದಲು! ಪೂರ್ತಿ ಒಣ ಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಹೋದರೆ ಕೂದಲು ಸುಮಾರು ಎರಡರಿಂದ ಎರಡೂವರೆ ಶೇಕಡಾ ಉದ್ದವಾಗುತ್ತದೆ. ಆ ಲೆಕ್ಕದಲ್ಲಿ ಮೋಡ ಕವಿದ ದಿನ ನನ್ನ ತಲೆ ಬರೀ ತಲೆಯಲ್ಲ, ಹವಾಮಾನ ಕೇಂದ್ರ.

ಕೂದಲಿನ ಮೈ ಮೇಲೆ ಹೆಂಚು ಹೊದಿಸಿದ ಹಾಗೆ ಸಣ್ಣ ಪದರಗಳಿವೆ. ಅವುಗಳ ಮೇಲೆ ಹುಟ್ಟಿನಿಂದಲೇ ಅಂಟಿಕೊಂಡು ಬಂದ ಕೊಬ್ಬಿನ ತೆಳ್ಳನೆಯ ಲೇಪ ಇರುತ್ತದೆ. ಬ್ಲೀಚ್ ಮಾಡಿದರೆ, ರಾಸಾಯನಿಕ ಹಾಕಿ ನೇರ ಮಾಡಿಸಿದರೆ ಆ ಲೇಪ ಕಳಚುತ್ತದೆ. ಕಳಚಿದ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲ, ಯಾಕೆಂದರೆ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಕಂಡೀಷನರ್ ಮಾಡುವುದು ಆ ಲೇಪದ ಬದಲಿ ಕೆಲಸ. ಹಾಳಾದ ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಇರುತ್ತದೆ, ಕಂಡೀಷನರ್‌ನಲ್ಲಿ ಧನ ವಿದ್ಯುದಂಶದ ವಸ್ತು. ಅದಕ್ಕೇ ಎಲ್ಲಿ ಜಾಸ್ತಿ ಹಾಳಾಗಿದೆಯೋ ಅಲ್ಲೇ ಹೋಗಿ ಜಾಸ್ತಿ ಅಂಟಿಕೊಳ್ಳುತ್ತದೆ. ಕಂಡೀಷನರ್ ಸುಮ್ನೆ ಶೋಕಿ ಅಂತ ನಾನು ವರ್ಷಗಟ್ಟಲೆ ಬಿಟ್ಟಿದ್ದೆ. ತಪ್ಪು ಮಾಡಿದೆ.

ಈಗ ಬಚ್ಚಲುಮನೆಗೆ ಬರೋಣ. ನನ್ನ ಉತ್ತರದ ಜೀವಾಳ ಇಲ್ಲೇ ಇದೆ, ಮತ್ತು ಅದು ಬಾಟಲಿಗಳಲ್ಲಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿದೆ. ಮೊದಲು ಕೂದಲು, ಕೊನೆಗೆ ಮುಖ ಮತ್ತು ಬೆನ್ನು. ಶಾಂಪೂ ನೆತ್ತಿಗೆ ಮಾತ್ರ, ಬೆರಳ ತುದಿಯಿಂದ. ತೊಳೆಯುವಾಗ ಇಳಿಯುವ ನೊರೆಯೇ ತುದಿಗೆ ಸಾಕು. ಕಂಡೀಷನರ್ ಕಿವಿಯಿಂದ ಕೆಳಗೆ ಮಾತ್ರ. ಅದು ಕೂದಲಲ್ಲಿ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರು ಮಾಡಿ ಮೇಲಕ್ಕೆ ಸಿಕ್ಕು ಬಿಡಿಸುತ್ತೇನೆ. ತೊಳೆಯುವಾಗ ಕೂದಲನ್ನೆಲ್ಲ ಒಂದು ಪಕ್ಕಕ್ಕೆ ಎಳೆದುಕೊಂಡು ತಲೆ ಓರೆ ಮಾಡುತ್ತೇನೆ, ನೀರು ಬೆನ್ನ ಮೇಲೆ ಹರಿಯಬಾರದು. ಆಮೇಲೆ ಕೂದಲು ಮೇಲೆ ಕಟ್ಟಿ, ಬೆನ್ನು ಸೋಪು ಹಾಕಿ ತೊಳೆದು, ಎಲ್ಲಕ್ಕಿಂತ ಕೊನೆಗೆ ಮುಖ. ಹಣೆಯ ಅಂಚನ್ನು, ಕಿವಿಯ ಹಿಂದೆ ಮುಂದೆ ಎಲ್ಲ ಸೇರಿಸಿ. ಬೆನ್ನಿನ ಮೊಡವೆಗೆ ಅಂತ ನಾನು ಬೇರೆ ಏನೂ ಮಾಡಲಿಲ್ಲ, ಈ ಸರದಿ ಬದಲಾಯಿಸಿದ್ದಷ್ಟೇ. ಎಲ್ಲರಿಗೂ ಇಷ್ಟೇ ಸಾಕಾಗುತ್ತದೆ ಅಂತ ಅಲ್ಲ, ನನಗಾಯಿತು.

ಟವೆಲಿನಿಂದ ಉಜ್ಜಬೇಡಿ. ಒದ್ದೆ ಕೂದಲಿನ ಪದರಗಳು ನೆನೆದು ಎದ್ದಿರುತ್ತವೆ, ಉಜ್ಜಿದರೆ ಒರಟಾಗುತ್ತವೆ. ಹಳೇ ಹತ್ತಿ ಟೀ ಶರ್ಟಿನಲ್ಲಿ ಒತ್ತಿ ನೀರು ಹಿಂಡಿದರೆ ಸಾಕು. ಸೀರಮ್ ಬೇಕಾದವರು ಆಗಲೇ, ಒದ್ದೆ ಇರುವಾಗಲೇ, ಕಿವಿಯ ಕೆಳಗಿನ ಭಾಗಕ್ಕೆ ಹಚ್ಚಿ. ಸೀರಮ್‌ಗಳಲ್ಲಿರುವ ಸಿಲಿಕೋನ್ ಅಂದರೆ ಕೆಲವರಿಗೆ ಭಯ. ಡೈಮೆಥಿಕೋನ್ ಎಂಬ ಸಿಲಿಕೋನ್ ಚರ್ಮದ ರಂಧ್ರ ಕಟ್ಟಿಸುವ ವಸ್ತುವಲ್ಲ, ಮುಖದ ಕ್ರೀಮಿನಲ್ಲೂ ಇರುತ್ತದೆ. ನಾನು ಹೆದರುವುದು ಅದರ ಜೊತೆ ಸೇರಿಸುವ, ರಂಧ್ರ ಕಟ್ಟಿಸಬಲ್ಲ ಎಣ್ಣೆಯಂಥ ವಸ್ತುಗಳಿಗೆ, ಐಸೊಪ್ರೊಪೈಲ್ ಮಿರಿಸ್ಟೇಟ್‌ನಂಥವಕ್ಕೆ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿದು ಪ್ರೋಟೀನ್ ಸೋರುವುದನ್ನು ತಡೆಯುತ್ತದೆ, ನಿಜ. ಅದಕ್ಕೇ ತಲೆಗೆ ನೀರು ಹಾಕುವ ಒಂದೆರಡು ಗಂಟೆ ಮುಂಚೆ ತುದಿಗೆ ಹಚ್ಚುತ್ತೇನೆ. ರಾತ್ರಿಯಿಡೀ ತಲೆಯಲ್ಲಿಟ್ಟು ಮಲಗುವುದಿಲ್ಲ, ಮುಖಕ್ಕಂತೂ ತಾಗಿಸುವುದಿಲ್ಲ. ಕೂದಲಿನ ಕೆಲಸ ಮುಗಿದ ಮೇಲೆ ಕೈ ತೊಳೆದು ಆಮೇಲೆ ಮುಖ ಮುಟ್ಟುತ್ತೇನೆ. ಇದು ಹೇಳಿದರೆ ಎಲ್ಲರೂ ನಗುತ್ತಾರೆ.

ಇನ್ನು ಮುಖ. ಒಂದು ಕಾಲದಲ್ಲಿ ನಾನು ದಿನಕ್ಕೆ ಆರು ಸಲ ಸೋಪಿನಲ್ಲಿ ತೊಳೆಯುತ್ತಿದ್ದೆ. ತೊಳೆದ ಮೇಲೆ ಚರ್ಮ ಬಿಗಿದು ಕಿರ್ ಅನ್ನಬೇಕು, ಆಗಲೇ ಕ್ಲೀನ್ ಆಯಿತು ಅಂತ ಸಮಾಧಾನ. ಚರ್ಮದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಐದರ ಆಸುಪಾಸು, ಸಾಮಾನ್ಯ ಸೋಪಿನದು ಒಂಬತ್ತು ಹತ್ತು. ಆ ಬಿಗಿತ ಸ್ವಚ್ಛತೆಯಲ್ಲ, ಚರ್ಮದ ಗೋಳಾಟ. ಮತ್ತೆ, ಎಣ್ಣೆ ಗ್ರಂಥಿಗಳು ಕೇಳುವುದು ಹಾರ್ಮೋನಿನ ಮಾತನ್ನು, ಮುಖ್ಯವಾಗಿ ಆಂಡ್ರೋಜೆನ್ (ಗಂಡಸರಲ್ಲಿ ಜಾಸ್ತಿ, ಹೆಂಗಸರಲ್ಲೂ ಇರುವ ಹಾರ್ಮೋನು) ಹೇಳುವ ಮಾತನ್ನು. ನೀವು ಮೇಲೆ ಎಷ್ಟು ತಿಕ್ಕಿದರೂ ಒಳಗಿನ ಗ್ರಂಥಿಗೆ ಸುದ್ದಿಯೇ ಮುಟ್ಟುವುದಿಲ್ಲ. ದಿನಕ್ಕೆ ಎರಡು ಸಲ, ಸೌಮ್ಯವಾದ ಫೇಸ್‌ವಾಶ್, ಸಾಕು. ಬೆವರಿದರೆ ಇನ್ನೊಂದು ಸಲ.

ಔಷಧಿ ವಿಷಯದಲ್ಲಿ ನಾನು ಎರಡನ್ನೇ ನಂಬಿದ್ದೇನೆ. ರಾತ್ರಿ ಅಡಾಪಲೀನ್ (ರಂಧ್ರ ಕಟ್ಟದ ಹಾಗೆ ನೋಡಿಕೊಳ್ಳುವ, ಹಚ್ಚುವ ಔಷಧಿ) 0.1 ಶೇಕಡಾ, ಬಟಾಣಿ ಕಾಳಿನಷ್ಟು, ಇಡೀ ಮುಖಕ್ಕೆ. ಎದ್ದ ಮೊಡವೆಗೆ ಮಾತ್ರ ಚುಕ್ಕೆ ಇಟ್ಟರೆ ಪ್ರಯೋಜನ ಕಮ್ಮಿ. ಮೊಡವೆ ಕಣ್ಣಿಗೆ ಬೀಳುವ ಎಷ್ಟೋ ವಾರ ಮುಂಚೆಯೇ ರಂಧ್ರದೊಳಗೆ ಕಟ್ಟಿಕೊಳ್ಳಲು ಶುರುವಾಗಿರುತ್ತದೆ. ಇವತ್ತು ಹಚ್ಚಿದ್ದು ಮುಂದಿನ ತಿಂಗಳ ಮೊಡವೆಗೆ. ಅದಕ್ಕೇ 12 ವಾರ ಆಗದೆ "ಕೆಲಸ ಮಾಡ್ತಿಲ್ಲ" ಅನ್ನಬೇಡಿ. ಮೊದಲ ವಾರಗಳಲ್ಲಿ ಉರಿ, ಸಿಪ್ಪೆ ಏಳುವುದು ಇದ್ದೇ ಇದೆ. ಒಂದು ದಿನ ಬಿಟ್ಟು ಒಂದು ದಿನ ಹಚ್ಚಿ, ಮೇಲೆ ಮಾಯಿಶ್ಚರೈಸರ್ ಹಚ್ಚಿ. ಹೌದು, ಜಿಡ್ಡು ಚರ್ಮಕ್ಕೂ ಬೇಕು. ಗರ್ಭಿಣಿಯರು, ಆಗುವ ಯೋಚನೆ ಇರುವವರು ಅಡಾಪಲೀನ್ ಮುಟ್ಟಬಾರದು.

ಇನ್ನೊಂದು ಬೆಂಜಾಯ್ಲ್ ಪೆರಾಕ್ಸೈಡ್. ಅದು ಮೊಡವೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. 1986ರಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ ಕೆಂಪು ಮೊಡವೆಗಳಿಗೆ 2.5 ಶೇಕಡಾದ್ದು 5 ಮತ್ತು 10ರಷ್ಟೇ ಕೆಲಸ ಮಾಡಿತ್ತು, 10ಕ್ಕಿಂತ ಉರಿ ಕಡಿಮೆ. ಆದ್ದರಿಂದ ಜಾಸ್ತಿ ನಂಬರಿನ ಟ್ಯೂಬ್ ತಂದು ಶೌರ್ಯ ತೋರಿಸಬೇಡಿ. ಮತ್ತೆ, ಬಟ್ಟೆ ಜೋಪಾನ. ನನ್ನ ಕಡುನೀಲಿ ದಿಂಬಿನ ಕವರಿನ ಮೇಲೆ ಈಗ ಕಿತ್ತಳೆ ಬಣ್ಣದ ಒಂದು ಕೆನ್ನೆ, ಅರ್ಧ ಗಲ್ಲ ಅಚ್ಚಾಗಿದೆ. ಯಾರೋ ಅಳುತ್ತಾ ಮಲಗಿದ ಹಾಗೆ ಕಾಣುತ್ತದೆ. ಹಣೆಯ ಅಂಚಿನ ಕೂದಲೂ ಬಣ್ಣ ಕಳೆದುಕೊಳ್ಳುತ್ತದೆ, ಹುಷಾರು.

ಬೆಳಿಗ್ಗೆ ಸನ್‌ಸ್ಕ್ರೀನ್. ಮೊಡವೆ ಹೋದ ಮೇಲೆ ಉಳಿಯುವ ಕಪ್ಪು ಕಲೆ ಬಿಸಿಲಿಗೆ ಗಟ್ಟಿಯಾಗಿ ಕೂರುತ್ತದೆ. ಟೂತ್‌ಪೇಸ್ಟ್ ಹಚ್ಚುವ ಸಲಹೆ ಬಂದರೆ ನಕ್ಕು ಬಿಟ್ಟುಬಿಡಿ.

ಇಷ್ಟು ಮಾಡಿದರೂ ಬಗ್ಗದ ಮೊಡವೆಗಳಿವೆ. ಹಣೆಯ ಮೇಲೆ, ಎದೆಯ ಮೇಲೆ ಎಲ್ಲ ಒಂದೇ ಗಾತ್ರ, ಜೊತೆಗೆ ತುರಿಕೆ ಅಂದರೆ ಅದು ಮೊಡವೆಯೇ ಅಲ್ಲದಿರಬಹುದು. ಮಲಸೀಜಿಯಾ ಎಂಬ ಶಿಲೀಂಧ್ರದಿಂದಲೂ ಹಾಗಾಗುತ್ತದೆ, ಅದರ ಔಷಧಿಯೇ ಬೇರೆ. ದವಡೆಯ ಸುತ್ತ ಆಳದಲ್ಲಿ ಗಂಟು ಗಂಟಾಗಿ ಬಂದು, ಮುಟ್ಟು ಏರುಪೇರಾಗಿ, ಗಲ್ಲದ ಮೇಲೆ ಕೂದಲೂ ಬರುತ್ತಿದ್ದರೆ ಪಿಸಿಓಎಸ್ (ಹೆಂಗಸರಲ್ಲಿ ಕಾಣುವ ಒಂದು ಹಾರ್ಮೋನಿನ ತೊಂದರೆ) ಇದೆಯೇ ಅಂತ ಪರೀಕ್ಷೆ ಮಾಡಿಸಬೇಕು. ಗುಳಿ ಬೀಳುತ್ತಿದ್ದರಂತೂ ಕಾಯಬೇಡಿ, ಚರ್ಮದ ಡಾಕ್ಟರ ಹತ್ತಿರ ಹೋಗಿ. ಕಲೆ ಮಾಸುತ್ತದೆ, ಗುಳಿ ಮಾಸುವುದಿಲ್ಲ. ಐಸೊಟ್ರೆಟಿನೋಯಿನ್ ಮಾತ್ರೆ ಎಣ್ಣೆ ಗ್ರಂಥಿಯನ್ನೇ ಕುಗ್ಗಿಸುತ್ತದೆ. ಆದರೆ ಗರ್ಭದಲ್ಲಿರುವ ಮಗುವಿಗೆ ತುಂಬಾ ಅಪಾಯ. ತೆಗೆದುಕೊಳ್ಳುವವರ ತುಟಿ ಒಡೆಯುತ್ತದೆ, ಚರ್ಮ ಒಣಗುತ್ತದೆ. ಸ್ನೇಹಿತರ ಚೀಟಿ ನೋಡಿ ತೆಗೆದುಕೊಳ್ಳುವ ಮಾತ್ರೆ ಅದಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಕೆಲವರು ತಗ್ಗಿದ ದನಿಯಲ್ಲಿ ಇನ್ನೊಂದು ಕೇಳುತ್ತಾರೆ. "ಹಣೆ ಮುಚ್ಚೋ ಹಾಗೆ ಮುಂಗೂದಲು ಕತ್ತರಿಸಿಕೊಂಡುಬಿಡಲಾ?" ನಾನೂ ಒಂದು ಸಲ ಕತ್ತರಿಸಿಕೊಂಡಿದ್ದೆ. ಮೂರು ದಿನ ಚೆನ್ನಾಗಿತ್ತು. ನಾಲ್ಕನೇ ದಿನ ಮಳೆ ಬಂತು. ಮುಂಗೂದಲು ಸುರುಳಿ ಸುತ್ತಿಕೊಂಡು ಎರಡು ಇಂಚು ಮೇಲೇರಿತು. ಮೊಡವೆಗಳೆಲ್ಲ ಕಾಣತೊಡಗಿದವು, ಮೊದಲಿಗಿಂತ ನಾಲ್ಕು ಜಾಸ್ತಿ.